ಸೂಜಿ ಬಯಾಪ್ಸಿಯಲ್ಲಿ ಪಾಸಿಟಿವ್, ಆಪರೇಷನ್ ಆದಮೇಲೆ ನೆಗೆಟಿವ್: ಯಾವ ವರದಿ ನಂಬಬೇಕು?

ಪ್ರಶ್ನೆ: ನಮ್ಮವ್ವನಿಗೆ 54 ವರ್ಷ, ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಜಮಖಂಡಿ ತಾಲೂಕಿನ ಹಳ್ಳಿಯವರು ನಾವು. ಎಡ ಎದೆಯಲ್ಲಿ ಗಂಟು ಕಂಡಾಗ ವಿಜಯಪುರದಲ್ಲಿ ಸೂಜಿ ಹಾಕಿ ಬಯಾಪ್ಸಿ ಮಾಡಿದರು. ಗ್ರೇಡ್ 2 ಕ್ಯಾನ್ಸರ್, ಇಆರ್ 70%, ಪಿಆರ್ 30%, ಹರ್-2 1+ ಎಂದು ವರದಿ ಬಂತು. ಮನೆಗೆ ಹತ್ತಿರವಾಗಲಿ ಎಂದು ಆಪರೇಷನ್ ಮಾತ್ರ ಒಂದು ಸಣ್ಣ ಆಸ್ಪತ್ರೆಯಲ್ಲಿ ಶನಿವಾರ ಸಂಜೆ ಮಾಡಿಸಿದೆವು. ತೆಗೆದ ಎದೆಯನ್ನು ಇಡಿಯಾಗಿ ಫಾರ್ಮಲಿನ್ ತುಂಬಿದ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಸೋಮವಾರ ಮಧ್ಯಾಹ್ನ ನಾನೇ ಬಸ್ಸಿನಲ್ಲಿ ಬೆಳಗಾವಿಗೆ ಒಯ್ದು ಲ್ಯಾಬಿಗೆ ಮುಟ್ಟಿಸಿದೆ. ಆ ವರದಿಯಲ್ಲಿ ಗಂಟು 3.2 ಸೆಂ.ಮೀ., ಗ್ರೇಡ್ 2, ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 1+ ಎಂದಿದೆ. ಬಯಾಪ್ಸಿಗೂ ಆಪರೇಷನ್‌ಗೂ ನಡುವೆ ಕಿಮೊ ಕೊಟ್ಟಿರಲಿಲ್ಲ. ಈಗ ಡಾಕ್ಟರು ‘ಇದು ಟ್ರಿಪಲ್ ನೆಗೆಟಿವ್, ಕಿಮೊ ಸಾಕು, ಮುಂದೆ ಗುಳಿಗೆ ಬೇಕಿಲ್ಲ’ ಎಂದಿದ್ದಾರೆ. ಒಂದು ಕಿಮೊ ಆಗಿದೆ. ನಮ್ಮ ಕಾಕಾ ‘ಕತ್ತರಿ ಬಿದ್ದ ಮ್ಯಾಲೆ ಕ್ಯಾನ್ಸರ್ ಜಾತಿನ ಬದಲಾಗ್ತದ’ ಅನ್ನುತ್ತಾರೆ. ಖರೆ ಯಾವುದು? ಮತ್ತೆ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆ ತಡವಾಗುತ್ತದೆಯೇ?
– ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಉತ್ತರ: ಮೊದಲು ಕಾಕಾ ಅವರ ಮಾತು. ಚಾಕು ತಾಗಿದ್ದಕ್ಕೆ ಕ್ಯಾನ್ಸರಿನ ಗುಣ ಬದಲಾಗುವುದಿಲ್ಲ. ಕೆಲವು ವಾರಗಳ ಅಂತರದಲ್ಲಿ, ನಡುವೆ ಯಾವ ಔಷಧವೂ ಇಲ್ಲದೆ, 70% ಇದ್ದ ಇಆರ್ ಸೊನ್ನೆಗೆ ಇಳಿಯುವುದು ರೋಗದ ಸ್ವಭಾವದಲ್ಲಿ ಬಹಳ ಅಪರೂಪ. ಬದಲಾದದ್ದು ಗಂಟಲ್ಲ, ಅದರ ತುಂಡು ಲ್ಯಾಬಿಗೆ ಮುಟ್ಟಿದ ಸ್ಥಿತಿ ಇರಬೇಕು ಎಂಬುದು ನಿಮ್ಮ ಪತ್ರ ಓದಿದಾಗ ಬರುವ ಮೊದಲ ಅನುಮಾನ. ಎದೆಯನ್ನು ಇಡಿಯಾಗಿ ಡಬ್ಬಿಗೆ ಹಾಕಿದ್ದು, ಶನಿವಾರದಿಂದ ಸೋಮವಾರದವರೆಗೆ ಅದು ಹಾಗೆಯೇ ಇದ್ದದ್ದು, ಈ ಎರಡು ವಿವರಗಳನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಡಾಕ್ಟರ ಕೈಯಲ್ಲಿರುವ ವರದಿಯಲ್ಲಿ ಇವು ಇರುವುದೇ ಇಲ್ಲ.

ಆದರೆ ಅನುಮಾನದ ಮೇಲೆ ಐದು ವರ್ಷದ ಹಾರ್ಮೋನು ಗುಳಿಗೆ ಶುರುಮಾಡಲೂ ಬಾರದು, ಬಿಡಲೂ ಬಾರದು. ಎರಡೂ ತುಂಡುಗಳನ್ನು ಒಂದೇ ಕಡೆ ಮತ್ತೆ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಸಮಯವೂ ಇದೆ. ಕಿಮೊ ನಿಲ್ಲಿಸಬೇಡಿ, ಮುಂದಕ್ಕೂ ಹಾಕಬೇಡಿ. ಹಾರ್ಮೋನು ಗುಳಿಗೆ ಕೊಡುವುದು ಹೇಗಿದ್ದರೂ ಕಿಮೊ ಮುಗಿದ ಮೇಲೆಯೇ. ಮೂರು ವಾರಕ್ಕೊಂದರಂತೆ ಕಿಮೊ ಮುಗಿಯಲು ಇನ್ನೂ ತಿಂಗಳುಗಳು ಬೇಕು. ಮರುಪರೀಕ್ಷೆ ಅಷ್ಟರೊಳಗೆ ಆರಾಮಾಗಿ ಆಗುತ್ತದೆ. ಎರಡೂ ತುಂಡುಗಳು ಕಿಮೊಗೆ ಮುಂಚೆ ತೆಗೆದವು, ಆದ್ದರಿಂದ ಈಗ ನಡೆಯುತ್ತಿರುವ ಕಿಮೊದಿಂದ ಮರುಪರೀಕ್ಷೆಗೆ ಯಾವ ತೊಂದರೆಯೂ ಇಲ್ಲ.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಎಲ್ಲಿ ಎಡವುತ್ತದೆ ಎಂಬುದೂ ತಿಳಿಯುತ್ತದೆ. ಇಆರ್ ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನು (ರಿಸೆಪ್ಟರ್), ಪಿಆರ್ ಅಂದರೆ ಪ್ರೊಜೆಸ್ಟರಾನ್ ಹಿಡಿಯುವಂಥದ್ದು. ಎರಡೂ ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಇರುತ್ತವೆ. ಹರ್-2 ಎಂಬುದು ಕೋಶ ಬೆಳೆಯಲು ಪ್ರಚೋದಿಸುವ ಬೇರೊಂದು ಪ್ರೋಟೀನು, ಅದರಲ್ಲಿ 1+ ಅಂದರೆ ನೆಗೆಟಿವ್ ಲೆಕ್ಕ. ಮೂರೂ ನೆಗೆಟಿವ್ ಆದರೆ ‘ಟ್ರಿಪಲ್ ನೆಗೆಟಿವ್’. ಗಂಟಿನ ತುಂಡನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಹದಮಾಡಿ, ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ಆ ಬ್ಲಾಕಿನಿಂದ 3–4 ಮೈಕ್ರಾನ್ ದಪ್ಪದ ಪದರ ಕೊಯ್ದು ಗಾಜಿನ ಮೇಲೆ ಹಚ್ಚಿ, ನಿಗದಿತ ಪಿಎಚ್ ಇರುವ ದ್ರಾವಣದಲ್ಲಿ ಕುದಿಸುತ್ತಾರೆ. ಎಷ್ಟೋ ಲ್ಯಾಬುಗಳಲ್ಲಿ ಇದಕ್ಕೆ ಪ್ರೆಷರ್ ಕುಕ್ಕರನ್ನೇ ಬಳಸುವುದು. ಫಾರ್ಮಲಿನ್‌ನಿಂದ ಬಿಗಿದುಕೊಂಡ ಪ್ರೋಟೀನು ಈ ಶಾಖಕ್ಕೆ ಸಡಿಲಾಗುತ್ತದೆ. ಆಮೇಲೆ ಇಆರ್‌ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ, ಅದು ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ಮಿಕ್ಕ ನ್ಯೂಕ್ಲಿಯಸ್ಸುಗಳು ನೀಲಿಯಾಗಿ ಉಳಿಯುತ್ತವೆ. ನೂರು ಕ್ಯಾನ್ಸರ್ ಕೋಶಗಳಲ್ಲಿ ಎಷ್ಟು ಕಂದು ಎಂದು ಎಣಿಸಿದ್ದೇ ವರದಿಯ ಶೇಕಡಾ ಲೆಕ್ಕ.

ಕೆಲವು ವರದಿಗಳಲ್ಲಿ ಶೇಕಡಾ ಬದಲು ಆಲ್‌ರೆಡ್ ಅಂಕ ಇರುತ್ತದೆ. ಎಷ್ಟು ಕೋಶ ಕಂದಾದವು ಎಂಬುದಕ್ಕೆ 5ರವರೆಗೆ, ಬಣ್ಣ ಎಷ್ಟು ಗಾಢ ಎಂಬುದಕ್ಕೆ 3ರವರೆಗೆ, ಒಟ್ಟು 8. ಅದರಲ್ಲಿ 3 ಮತ್ತು ಮೇಲಿದ್ದರೆ ಪಾಸಿಟಿವ್. ಶೇಕಡಾ ಲೆಕ್ಕದಲ್ಲಿ ಹಿಂದೆ ಬಹಳ ಕಡೆ 10% ಇದ್ದರೆ ಮಾತ್ರ ಪಾಸಿಟಿವ್ ಎನ್ನುತ್ತಿದ್ದರು. 2010ರ ಅಮೆರಿಕದ ಮಾರ್ಗಸೂಚಿ ಅದನ್ನು 1%ಕ್ಕೆ ಇಳಿಸಿತು. 2020ರಲ್ಲಿ 1ರಿಂದ 10%ವರೆಗಿನ ಇಆರ್‌ಗೆ ‘ಲೋ ಪಾಸಿಟಿವ್’ ಎಂಬ ಬೇರೆ ಹೆಸರು ಕೊಟ್ಟರು. ಹೀಗಾಗಿ 5% ಬಂದ ಗಂಟು ಒಂದು ಕಡೆ ಪಾಸಿಟಿವ್, ಹಳೆಯ ಲೆಕ್ಕ ಹಿಡಿದ ಇನ್ನೊಂದು ಕಡೆ ನೆಗೆಟಿವ್ ಆಗಬಹುದು. ಅದೇ ಸ್ಲೈಡನ್ನು ಇಬ್ಬರು ನೋಡಿದಾಗ ಒಬ್ಬರು 60 ಎಂದು, ಇನ್ನೊಬ್ಬರು 80 ಎಂದು ಬರೆದರೂ ಗಾಬರಿಪಡಬೇಕಿಲ್ಲ. ಚಿಕಿತ್ಸೆಗೆ ಎರಡೂ ಒಂದೇ. ಆದರೆ ನಿಮ್ಮ ತಾಯಿಯವರದು 70ರಿಂದ ಸೊನ್ನೆ. ಎಣಿಕೆಯ ವ್ಯತ್ಯಾಸ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಏನಾಗಿರಬಹುದು? ಎಲ್ಲಕ್ಕಿಂತ ಹೆಚ್ಚು ಸಂಭವ ಇರುವುದು ಫಾರ್ಮಲಿನ್‌ನ ಹಂತದಲ್ಲಿ.

ಮೈಯಿಂದ ಬೇರೆಯಾದ ಕ್ಷಣದಿಂದ ಅಂಗಾಂಶಕ್ಕೆ ರಕ್ತವಿಲ್ಲ, ಉಸಿರಿಲ್ಲ. ಒಳಗಿನ ಕಿಣ್ವಗಳು ತಮ್ಮದೇ ಪ್ರೋಟೀನನ್ನು ಕರಗಿಸತೊಡಗುತ್ತವೆ. ಅದನ್ನು ತಡೆಯುವುದು ಫಾರ್ಮಲಿನ್. ಆದ್ದರಿಂದಲೇ ತೆಗೆದ 1 ಗಂಟೆಯೊಳಗೆ ಗಂಟು ಫಾರ್ಮಲಿನ್‌ಗೆ ಬೀಳಬೇಕು, ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು ಎಂಬ ನಿಯಮ. ನಿಮ್ಮ ಲೆಕ್ಕದಲ್ಲಿ ಶನಿವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನ ಎಂದರೆ 42 ಗಂಟೆ ಆಸುಪಾಸು. ಗಡಿಯಾರದ ಪ್ರಕಾರ ಎಲ್ಲ ಸರಿಯೇ ಇದೆ. ಮೋಸ ಇರುವುದು ‘ಫಾರ್ಮಲಿನ್‌ನಲ್ಲಿತ್ತು’ ಎಂಬ ಮಾತಿನಲ್ಲಿ. ಡಬ್ಬಿ ಫಾರ್ಮಲಿನ್‌ನಿಂದ ತುಂಬಿತ್ತು, ಗಂಟಿನೊಳಗೆ ಫಾರ್ಮಲಿನ್ ಇರಲಿಲ್ಲ. ಅದು ಮೊದಮೊದಲು ಗಂಟೆಗೆ ಸುಮಾರು 1 ಮಿ.ಮೀ. ಒಳಗೆ ಇಳಿಯುತ್ತದೆ, ಆಳಕ್ಕೆ ಹೋದಷ್ಟೂ ನಿಧಾನ. ಎದೆಯ ಮೇಲೆ ಚರ್ಮ, ಒಳಗೆ ದಪ್ಪ ಕೊಬ್ಬು, ಅದರ ನಡುವೆ ಗಂಟು. ಕೊಬ್ಬನ್ನು ದಾಟುವುದು ಇನ್ನೂ ಕಷ್ಟ. ಇಡಿಯಾಗಿ ಮುಳುಗಿಸಿಟ್ಟ ಎದೆಯನ್ನು ಎರಡನೇ ದಿನ ಲ್ಯಾಬಿನಲ್ಲಿ ಕೊಯ್ದಾಗ ಹೊರಗಿನ ಬೆರಳಷ್ಟು ದಪ್ಪ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ನಡುವಿನ ಗಂಟು ಇನ್ನೂ ಕೆಂಪಗೆ, ಮೆತ್ತಗೆ, ಒತ್ತಿದರೆ ರಸ ಬಿಡುವಂತಿರುತ್ತದೆ. ಬಾಗಲಕೋಟೆಯ ಬಿಸಿಲಿನಲ್ಲಿ, ಬಸ್ಸಿನ ಸೀಟಿನ ಕೆಳಗೆ ಬಂದ ಡಬ್ಬಿಯಲ್ಲಿ ಆ ನಡುಭಾಗ ಇನ್ನೂ ಬೇಗ ಕೆಡುತ್ತದೆ.

ಅಂಥ ತುಂಡನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಮುಂದಿನ ಹಂತದ ಆಲ್ಕೊಹಾಲೇ ಅದನ್ನು ಗಟ್ಟಿ ಮಾಡಿಬಿಡುತ್ತದೆ. ನೋಡಲು ಬ್ಲಾಕ್ ಚೆನ್ನಾಗಿಯೇ ಇರುತ್ತದೆ. ಸಾಮಾನ್ಯ ಬಣ್ಣದಲ್ಲಿ ಕ್ಯಾನ್ಸರ್ ಇದೆ, ಗ್ರೇಡ್ ಇಷ್ಟು ಎಂದೂ ಹೇಳಬಹುದು. ಇಆರ್ ಮಾತ್ರ ಬರುವುದಿಲ್ಲ. ಪಿಆರ್ ಇನ್ನೂ ಸೂಕ್ಷ್ಮ, ಎಷ್ಟೋ ಸಲ ಅದೇ ಮೊದಲು ಹೋಗುತ್ತದೆ. ಸೂಜಿ ಬಯಾಪ್ಸಿಯ ತುಂಡಿಗೆ ಈ ಕಷ್ಟವಿಲ್ಲ. 1–2 ಮಿ.ಮೀ. ದಪ್ಪದ ದಾರದಂಥ ತುಂಡು ತೆಗೆದ ನಿಮಿಷದಲ್ಲೇ ಬಾಟಲಿಗೆ ಬೀಳುತ್ತದೆ, ಎಲ್ಲ ಕಡೆಯಿಂದ ಫಾರ್ಮಲಿನ್ ತಾಗುತ್ತದೆ. ಇಆರ್, ಪಿಆರ್ ಪರೀಕ್ಷೆಗೆ ಸೂಜಿ ಬಯಾಪ್ಸಿಯೇ ಮೇಲು ಎಂದು ನಾವು ಹೇಳುವುದು ಇದಕ್ಕೇ. ‘ಸಣ್ಣ ತುಂಡಿನ ವರದಿ ಕಚ್ಚಾ, ಆಪರೇಷನ್ ವರದಿಯೇ ಪಕ್ಕಾ’ ಎಂಬ ತಿಳಿವಳಿಕೆ ಜನರಲ್ಲೂ ಇದೆ, ಕೆಲವು ಡಾಕ್ಟರಲ್ಲೂ ಇದೆ. ಗಂಟಿನ ಅಳತೆಗೆ, ಕಂಕುಳಿನ ಗ್ರಂಥಿಗಳ ಲೆಕ್ಕಕ್ಕೆ ಆ ಮಾತು ಸರಿ. ಹಾರ್ಮೋನ್ ರಿಸೆಪ್ಟರಿಗೆ ಸರಿಯಲ್ಲ.

ಫಾರ್ಮಲಿನ್ ಒಂದೇ ಕಾರಣವಲ್ಲ. ಕುದಿಸುವ ಹಂತದಲ್ಲಿ ಶಾಖ ಸಾಲದಿದ್ದರೆ, ಆಂಟಿಬಾಡಿ ಹಳತಾಗಿದ್ದರೆ ಅಥವಾ ಅತಿಯಾಗಿ ತೆಳುಮಾಡಿದ್ದರೆ, ಪದರ ಕೊಯ್ದ ಸ್ಲೈಡನ್ನು 6 ವಾರಕ್ಕೂ ಹೆಚ್ಚು ಇಟ್ಟು ಆಮೇಲೆ ಬಣ್ಣ ಹಾಕಿದ್ದರೆ, ಆಗಲೂ ಸುಳ್ಳು ನೆಗೆಟಿವ್ ಬರುತ್ತದೆ. ಹೆಸರು, ನಂಬರು ಅದಲುಬದಲಾಗುವುದು ಅಪರೂಪ, ಆದರೆ ಅದನ್ನೂ ಪರಿಶೀಲಿಸಲೇಬೇಕು. ಒಂದೇ ಗಂಟಿನ ಒಂದು ಭಾಗದಲ್ಲಿ ಇಆರ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು, ಅಥವಾ ಅದೇ ಎದೆಯಲ್ಲಿ ಎರಡು ಬೇರೆ ಗಂಟುಗಳಿರುವುದು ನಿಜವಾಗಿಯೂ ಉಂಟು. ನಿಮ್ಮ ವರದಿಯಲ್ಲಿ ಒಂದೇ ಗಂಟು, ಎರಡೂ ಸಲ ಗ್ರೇಡ್ 2, ಎರಡೂ ಸಲ ಹರ್-2 1+. ಹೀಗಾಗಿ ಆ ಸಾಧ್ಯತೆ ಕಡಿಮೆ. ಮೊದಲ ವರದಿಯೇ ತಪ್ಪಿರಬಹುದೇ? ಇರಬಹುದು. ಕ್ಯಾನ್ಸರಿನ ನಡುವೆ ಸಿಕ್ಕಿಕೊಂಡ ಆರೋಗ್ಯವಂತ ಹಾಲಿನ ನಾಳದ ಕಂದುಬಣ್ಣವನ್ನು ಕ್ಯಾನ್ಸರಿನದೆಂದು ಎಣಿಸಿದರೆ ಸುಳ್ಳು ಪಾಸಿಟಿವ್ ಬರುತ್ತದೆ. ಸುಳ್ಳು ನೆಗೆಟಿವ್‌ಗೆ ಹೋಲಿಸಿದರೆ ಅದು ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇದು ನಮ್ಮ ಭಾಗದ ಕಥೆ ಮಾತ್ರ ಎಂದುಕೊಳ್ಳಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದಲ್ಲಿ 1997ರಿಂದ 2005ರವರೆಗೆ ಮಾಡಿದ ಪರೀಕ್ಷೆಗಳಲ್ಲಿ ದೋಷ ಕಂಡುಬಂದು, ಸಾವಿರ ಮಂದಿಯ ತುಂಡುಗಳನ್ನು ಟೊರಾಂಟೊಗೆ ಕಳಿಸಿ ಮತ್ತೆ ಪರೀಕ್ಷಿಸಬೇಕಾಯಿತು. ಮುನ್ನೂರಕ್ಕೂ ಹೆಚ್ಚು ಮಂದಿಯ ಫಲಿತಾಂಶ ಬದಲಾಯಿತು. ಗುಳಿಗೆ ಸಿಗಬೇಕಿದ್ದವರಿಗೆ ಸಿಕ್ಕಿರಲಿಲ್ಲ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಜಗತ್ತಿನಾದ್ಯಂತ ಈ ಪರೀಕ್ಷೆಗಳಲ್ಲಿ ನೂರಕ್ಕೆ ಇಪ್ಪತ್ತರವರೆಗೂ ತಪ್ಪಿರಬಹುದು ಎಂದು 2010ರ ಮಾರ್ಗಸೂಚಿಯೇ ಒಪ್ಪಿಕೊಂಡಿತು. ಆಮೇಲೆ ಪದ್ಧತಿ ಸುಧಾರಿಸಿದೆ. ಆದರೆ ಒಳ್ಳೆಯ ಲ್ಯಾಬ್ ಕೂಡ ಕೆಟ್ಟ ತುಂಡಿನಿಂದ ಒಳ್ಳೆಯ ವರದಿ ಹೊರಡಿಸಲಾರದು.

ಈಗ ನಿಮ್ಮ ಕೈಯಲ್ಲಿರುವ ಎರಡನೇ ವರದಿ ತೆಗೆಯಿರಿ. ಅದರಲ್ಲಿ ‘ಇಂಟರ್ನಲ್ ಕಂಟ್ರೋಲ್’ ಎಂಬ ಸಾಲು ಹುಡುಕಿ. ನನ್ನ ದೃಷ್ಟಿಯಲ್ಲಿ ನೆಗೆಟಿವ್ ವರದಿಯ ಜೀವಾಳ ಅದೇ. ಗಂಟಿನ ಪಕ್ಕದಲ್ಲಿ ಆರೋಗ್ಯವಂತ ಹಾಲಿನ ನಾಳಗಳು ಸಾಮಾನ್ಯವಾಗಿ ಇರುತ್ತವೆ. ಅವುಗಳ ಕೆಲವು ಕೋಶಗಳಲ್ಲಿ ಇಆರ್ ಇದ್ದೇ ಇರುತ್ತದೆ, ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಕಾಣಲೇಬೇಕು. ಕ್ಯಾನ್ಸರ್ ಪೂರ್ತಿ ನೀಲಿ, ಪಕ್ಕದ ನಾಳದಲ್ಲಿ ಕಂದು ಚುಕ್ಕೆಗಳು ಎಂದಾದರೆ ಪರೀಕ್ಷೆ ಕೆಲಸ ಮಾಡಿದೆ, ನೆಗೆಟಿವ್ ನಂಬಬಹುದು. ಕ್ಯಾನ್ಸರೂ ನೀಲಿ, ನಾಳವೂ ನೀಲಿ ಎಂದಾದರೆ ಅದು ನೆಗೆಟಿವ್ ಅಲ್ಲ, ಕೆಟ್ಟುಹೋದ ಪರೀಕ್ಷೆ. ಅದನ್ನು ‘ನಿರ್ಧರಿಸಲಾಗದು’ ಎಂದು ಬರೆದು ಮತ್ತೆ ಮಾಡಬೇಕು. ಗಂಟಿನ ಅಂಚು ಕಂದಾಗಿ ನಡುಭಾಗ ನೀಲಿಯಾಗಿದ್ದರೂ ಫಾರ್ಮಲಿನ್ ಒಳಗೆ ಮುಟ್ಟಿಲ್ಲ ಎಂಬುದರ ಗುರುತು. ವರದಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಲ್ಯಾಬಿಗೆ ಹೋಗಿ ವಿನಯದಿಂದಲೇ ಕೇಳಿ: ‘ಸರ್, ಅದೇ ಸ್ಲೈಡಿನಲ್ಲಿ ನಾರ್ಮಲ್ ನಾಳ ಕಂದು ಬಂದಿತ್ತಾ?’ ಯಾವ ಪೆಥಾಲಜಿಸ್ಟರೂ ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ, ಪಟ್ಟುಕೊಳ್ಳಬಾರದು. ಸ್ಲೈಡನ್ನು ಇನ್ನೊಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಕ್ಯಾನ್ಸರಿನ ಜಾತಿಯೂ ಸುಳಿವು ಕೊಡುತ್ತದೆ. ಲಾಬ್ಯುಲರ್, ಟ್ಯೂಬ್ಯುಲರ್, ಮ್ಯೂಸಿನಸ್ ಎಂಬ ಬಗೆಗಳು, ಗ್ರೇಡ್ 1 ಗಂಟುಗಳು ಹೆಚ್ಚುಕಡಿಮೆ ಯಾವಾಗಲೂ ಇಆರ್ ಪಾಸಿಟಿವ್. ಅಂಥದರಲ್ಲಿ ನೆಗೆಟಿವ್ ಬಂದರೆ ಕೇಳದೆಯೇ ಮರುಪರೀಕ್ಷೆ ಮಾಡಬೇಕು. ಇಆರ್ ನೆಗೆಟಿವ್, ಪಿಆರ್ ಮಾತ್ರ ಪಾಸಿಟಿವ್ ಎಂಬ ವರದಿಯೂ ಅನುಮಾನಕ್ಕೆ ಯೋಗ್ಯ. ನಿಮ್ಮದು ಗ್ರೇಡ್ 2, ಅದು ಎರಡೂ ಕಡೆ ವಾಲಬಹುದು, ಹಾಗಾಗಿ ಗ್ರೇಡ್ ನೋಡಿ ತೀರ್ಮಾನಿಸಲು ಬರುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳು ಇವು. ಎರಡನೇ ವರದಿಯನ್ನೇ ಒಪ್ಪಿ ಗುಳಿಗೆ ಬಿಟ್ಟುಬಿಡುವುದು ಒಂದು. ಇದರ ಅಪಾಯ ದೊಡ್ಡದು. ಇಆರ್ ಪಾಸಿಟಿವ್ ಇರುವವರು 5 ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡರೆ, ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಅಷ್ಟು ಲಾಭ ಕೊಡುವ, ದಿನಕ್ಕೊಂದು ಗುಳಿಗೆಯ ಚಿಕಿತ್ಸೆ ತಪ್ಪು ವರದಿಯಿಂದ ಕೈಬಿಟ್ಟುಹೋಗಬಾರದು. ಜೊತೆಗೆ ಟ್ರಿಪಲ್ ನೆಗೆಟಿವ್ ಎಂಬ ಹೆಸರು ಅಂಟಿದರೆ ಬೇಕಿಲ್ಲದ ಭಾರಿ ಔಷಧಗಳ ಮಾತು, ವಂಶವಾಹಿ ಪರೀಕ್ಷೆಯ ಮಾತು, ಮನೆಮಂದಿಗೆಲ್ಲ ಬೇರೆಯದೇ ಭಯ ಶುರುವಾಗುತ್ತದೆ.

ಇನ್ನೊಂದು ದಾರಿ, ಮೊದಲ ವರದಿ ನಂಬಿ ಕಿಮೊ ಮುಗಿದ ಮೇಲೆ ಗುಳಿಗೆ ಶುರು ಮಾಡುವುದು. ಬ್ಲಾಕ್‌ಗಳು ಸಿಗದೇ ಹೋದರೆ, ಮರುಪರೀಕ್ಷೆಯಲ್ಲೂ ಏನೂ ತೀರ್ಮಾನವಾಗದಿದ್ದರೆ, ಕ್ಯಾನ್ಸರ್ ತಜ್ಞರು ಹೀಗೆ ಮಾಡುವುದು ಸಮಂಜಸ. ಆದರೆ ‘ಇರಲಿ ಬಿಡು’ ಎಂದು ಕೊಡುವ ಗುಳಿಗೆಯಲ್ಲ ಇದು. ನಿಜವಾಗಿಯೂ ಇಆರ್ ಇಲ್ಲದವರಿಗೆ ಇದರಿಂದ ಲಾಭವಿಲ್ಲ, ತೊಂದರೆ ಮಾತ್ರ ಉಳಿಯುತ್ತದೆ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಕೊಡುವುದು ಲೆಟ್ರೊಝೋಲ್ 2.5 ಮಿ.ಗ್ರಾಂ ಅಥವಾ ಅನಾಸ್ಟ್ರೊಝೋಲ್ 1 ಮಿ.ಗ್ರಾಂ. ಇವು ಎಲುಬನ್ನು ಸವೆಸುತ್ತವೆ, ಬೆಳಿಗ್ಗೆ ಏಳುವಾಗ ಕೀಲು ಹಿಡಿದುಕೊಳ್ಳುತ್ತದೆ. ಶುರುಮಾಡುವ ಮುಂಚೆ ಎಲುಬಿನ ಸಾಂದ್ರತೆಯ ಸ್ಕ್ಯಾನ್ ಮಾಡಿಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಗ್ಗೆ ಕೇಳಿ. ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ ಕೊಟ್ಟರೆ ಮೈ ಕಾವೇರುತ್ತದೆ, ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ, ಮುಟ್ಟು ನಿಂತವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಒಂದು ದಿನವೂ ಕಾಯದೆ ತೋರಿಸಬೇಕು.

ನಾನು ಹೇಳುವ ದಾರಿ ಎರಡೂ ಬ್ಲಾಕ್‌ಗಳ ಮರುಪರೀಕ್ಷೆ. ಆಪರೇಷನ್ ಬ್ಲಾಕ್ ಒಂದನ್ನೇ ಕಳಿಸಿದರೆ ಕೆಟ್ಟ ತುಂಡು ಎಷ್ಟು ಸಲ ಪರೀಕ್ಷಿಸಿದರೂ ನೆಗೆಟಿವ್ ಎಂದೇ ಬರಬಹುದು, ‘ನೋಡಿ, ಎರಡು ಸಲ ನೆಗೆಟಿವ್’ ಎಂದು ತಪ್ಪೇ ಗಟ್ಟಿಯಾಗುತ್ತದೆ. ಸೂಜಿ ಬಯಾಪ್ಸಿಯ ಬ್ಲಾಕ್ ಮತ್ತು ಆಪರೇಷನ್ ಬ್ಲಾಕ್ ಎರಡನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ದಿನ, ಒಂದೇ ಆಂಟಿಬಾಡಿಯಿಂದ ಮಾಡಬೇಕು. ಕಂಕುಳಿನ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಆ ಬ್ಲಾಕ್ ಮೇಲೂ ಮಾಡಿಸಬಹುದು. ಗ್ರಂಥಿಗಳು ಚಿಕ್ಕವು, ಫಾರ್ಮಲಿನ್ ಅವುಗಳೊಳಗೆ ಬೇಗ ಇಳಿದಿರುತ್ತದೆ.

ಬ್ಲಾಕ್ ಪಡೆಯುವುದು ಕಷ್ಟವಲ್ಲ. ವಿಜಯಪುರದ ಲ್ಯಾಬಿಗೂ ಬೆಳಗಾವಿಯ ಲ್ಯಾಬಿಗೂ ಒಂದೊಂದು ಅರ್ಜಿ, ವರದಿಯ ಜೆರಾಕ್ಸ್, ತಾಯಿಯವರ ಸಹಿ ಮತ್ತು ಗುರುತಿನ ಚೀಟಿ ಒಯ್ಯಿರಿ. ಗಂಟಿನ ಜೊತೆ ಆರೋಗ್ಯವಂತ ನಾಳವೂ ಇರುವ ಬ್ಲಾಕ್ ಕೊಡಿ ಎಂದು ಕೇಳಿ. ಬ್ಲಾಕಿನ ಮೇಲಿನ ನಂಬರು ವರದಿಯ ನಂಬರಿಗೆ ಸರಿಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಬಣ್ಣ ಹಾಕದ ಸ್ಲೈಡ್ ಮಾತ್ರ ಕೊಡುತ್ತೇವೆ ಎಂದರೆ ಅದೇ ವಾರ ಕೊಯ್ದದ್ದಾಗಿರಲಿ, ತಡಮಾಡದೆ ತಲುಪಿಸಿ. ಮೇಣದ ಬ್ಲಾಕಿಗೆ ಫ್ರಿಜ್ ಬೇಕಿಲ್ಲ, ಬಿಸಿಲು ಮಾತ್ರ ಬೇಡ. ನಿಲ್ಲಿಸಿದ ಕಾರಿನ ಗಾಜಿನ ಹತ್ತಿರವೋ ಬೈಕಿನ ಡಬ್ಬಿಯಲ್ಲೋ ಇಟ್ಟರೆ ಮೆತ್ತಗಾಗುತ್ತದೆ. ಹತ್ತಿ ಸುತ್ತಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿ ತನ್ನಿ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕ್ ವಾಪಸ್ ಪಡೆಯಲು ಮರೆಯಬೇಡಿ, ಮುಂದೆ ಬೇಕಾಗಬಹುದು.

ಎಲ್ಲಿ ಮಾಡಿಸಬೇಕು? ಸ್ತನ ಕ್ಯಾನ್ಸರ್ ದಿನವೂ ನೋಡುವ, ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲಿ ಭಾಗವಹಿಸುವ ಲ್ಯಾಬ್ ಆಗಬೇಕು. ನಮ್ಮ ಭಾಗದ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಕೇಳಿ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯೂ ಇವೆ. ತಾಯಿಯವರು ಬರಬೇಕೋ ಬ್ಲಾಕ್ ಬಂದರೆ ಸಾಕೋ ಎಂದು ಮುಂಚೆ ಫೋನ್ ಮಾಡಿ ವಿಚಾರಿಸಿ. ಕಿಮೊ ನಡುವೆ ಅವರನ್ನು ಅಷ್ಟು ದೂರ ಸುಮ್ಮನೆ ಓಡಾಡಿಸಬೇಡಿ.

ಮರುಪರೀಕ್ಷೆಯಲ್ಲಿ ಬಯಾಪ್ಸಿ ಬ್ಲಾಕ್ ಮತ್ತೆ ಪಾಸಿಟಿವ್ ಬಂದರೆ, ಆಪರೇಷನ್ ಬ್ಲಾಕ್ ಏನೇ ಹೇಳಲಿ, ಗುಳಿಗೆ ಕೊಡಬೇಕು. ಎರಡೂ ನೆಗೆಟಿವ್ ಬಂದು, ಪಕ್ಕದ ನಾಳ ಕಂದಾಗಿದ್ದರೆ, ಆಗ ನೆಗೆಟಿವ್ ಖರೆ. 1ರಿಂದ 10%ರೊಳಗೆ ಬಂದರೆ ಗುಳಿಗೆಯ ಲಾಭದ ಬಗ್ಗೆ ಪುರಾವೆ ತೆಳುವಾಗಿದೆ. ಅಂಥ ಗಂಟುಗಳು ಎಷ್ಟೋ ಸಲ ನೆಗೆಟಿವ್‌ನಂತೆಯೇ ವರ್ತಿಸುತ್ತವೆ. ಆದರೂ ಕೊಟ್ಟು ನೋಡುವುದು ರೂಢಿ, ತಾಳಿಕೆಯಾಗದಿದ್ದರೆ ಬಿಡಬಹುದು.

ಈ ಅಂಕಣ ಓದುವ ಸರ್ಜನ್‌ರಿಗೂ ಒಂದು ಮಾತು ಕಳಕಳಿಯಿಂದ. 600 ಗ್ರಾಂ ತೂಕದ ಎದೆಗೆ ಕನಿಷ್ಠ ಹತ್ತು ಪಟ್ಟು, ಅಂದರೆ 6 ಲೀಟರ್ ಫಾರ್ಮಲಿನ್ ಬೇಕು. ಉಪ್ಪಿನಕಾಯಿ ಭರಣಿಯಂತೆ ತುರುಕಿದ ಡಬ್ಬಿ ಸಾಲದು. ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಅದಕ್ಕೆ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ ಹಾಕಿದರೆ ಸರಿಯಾದ ದ್ರಾವಣ. ಸಲೈನ್, ಸ್ಪಿರಿಟ್ ಬೇಡ. ದಿಕ್ಕು ತಿಳಿಯುವಂತೆ ದಾರದ ಗುರುತು ಹಾಕಿ, ಹಿಂಬದಿಯಿಂದ ಗಂಟಿನ ಮೂಲಕ ಕೊಯ್ದು, ಮಡಿಕೆಗಳ ನಡುವೆ ಗಾಜ್ ಬಟ್ಟೆ ಇಟ್ಟು ಮುಳುಗಿಸಿ. ಕೊಯ್ಯಲು ಮನಸ್ಸಿಲ್ಲದಿದ್ದರೆ ಶನಿವಾರ ಸಂಜೆಯ ಬದಲು, ಅದೇ ದಿನ ಲ್ಯಾಬಿಗೆ ಮುಟ್ಟುವ ಹೊತ್ತಿಗೆ ಆಪರೇಷನ್ ಇಟ್ಟುಕೊಳ್ಳಿ. ಗಂಟು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಚೀಟಿಯಲ್ಲಿ ಬರೆಯಿರಿ.

ಪತ್ರ ಬರೆದವರು ತಮ್ಮ ಡಾಕ್ಟರಿಂದ ಮರುಪರೀಕ್ಷೆಯ ಚೀಟಿ ಬರೆಸುವಾಗ ಇಷ್ಟು ಇರುವಂತೆ ನೋಡಿಕೊಳ್ಳಲಿ: ‘ಬಯಾಪ್ಸಿಯಲ್ಲಿ ಇಆರ್ 70%, ಆಪರೇಷನ್ ತುಂಡಿನಲ್ಲಿ ಸೊನ್ನೆ. ನಡುವೆ ಕಿಮೊ ಇಲ್ಲ. ಎದೆಯನ್ನು ಕೊಯ್ಯದೆ 42 ಗಂಟೆ ಫಾರ್ಮಲಿನ್‌ನಲ್ಲಿ ಇಡಲಾಗಿತ್ತು. ಎರಡೂ ಬ್ಲಾಕ್‌ಗಳ ಮೇಲೆ ಇಆರ್, ಪಿಆರ್ ಒಟ್ಟಿಗೆ ಮಾಡಿ, ಇಂಟರ್ನಲ್ ಕಂಟ್ರೋಲ್ ಬಗ್ಗೆ ಬರೆಯಿರಿ.’